ಕಾಗದದ ಪದಗಳು, ಬಾಯಿಯ ಪದಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕನ್ನಡದ ಬಗ್ಗೆ ಎರಡು ಬಗೆಯ ಮಾತುಗಳನ್ನು ನಾವು ಬಹಳ ಕಾಲದಿಂದ ಕೇಳುತ್ತ ಬಂದಿದ್ದೇವೆ. ‘ನಿಮ್ಮದೇನು ಕನ್ನಡ, ಅರ್ಧಕ್ಕರ್ಧ ಉರ್ದುವೇ ತುಂಬಿದೆ’ ಎಂಬುದು ಒಂದು. ಇದನ್ನು ಹೇಳುವವರ ದನಿಯಲ್ಲಿ ಸ್ವಲ್ಪ ತಿರಸ್ಕಾರ ಇರುತ್ತದೆ. ‘ಯಾವ ಕಚೇರಿಗಾದರೂ ಹೋಗಿ ನೋಡಿ, ನಮ್ಮ ಪದಗಳಿಲ್ಲದೆ ಒಂದು ಕಾಗದವೂ ಮುಂದಕ್ಕೆ ಸಾಗುವುದಿಲ್ಲ’ ಎಂಬುದು ಇನ್ನೊಂದು. ಇದನ್ನು ಹೇಳುವವರು ನಮ್ಮವರೇ. ಅವರ ದನಿಯಲ್ಲಿ ಹೆಮ್ಮೆ ಇರುತ್ತದೆ. ವಿಚಿತ್ರವೆಂದರೆ ಇಬ್ಬರೂ ಲೆಕ್ಕದ ಭಾಷೆಯಲ್ಲಿ ಮಾತಾಡುತ್ತಾರೆ, ಆದರೆ ಇಬ್ಬರೂ ಕುಳಿತು ಎಣಿಸಿದವರಲ್ಲ. ನಿಜವಾಗಿ ಎಣಿಸಿದರೆ ಏನಾಗುತ್ತದೆ? ಎಣಿಸಿದವರು ಹಿಂದೆ ಯಾರಿದ್ದರು? ಅವರ ಲೆಕ್ಕ ಏನು ಹೇಳಿತು, ಏನು ಹೇಳಲಿಲ್ಲ?

ಒಂದು ಬರಹದಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವುದು ಕಂಪ್ಯೂಟರ್ ಕಾಲದ ಹವ್ಯಾಸವಲ್ಲ. ಧರ್ಮಗ್ರಂಥಗಳನ್ನು ಜತನದಿಂದ ಉಳಿಸಿಕೊಳ್ಳಬೇಕೆಂದವರು ಮೊದಲು ಈ ಕೆಲಸಕ್ಕೆ ಕೈಹಾಕಿದರು. ಕುರ್‌ಆನಿನ ಅಕ್ಷರಗಳನ್ನೂ ಪದಗಳನ್ನೂ ಎಣಿಸಿಡುವ ಪರಂಪರೆ ಇಸ್ಲಾಮಿನ ಮೊದಲ ಶತಮಾನಕ್ಕೆ ಹೋಗುತ್ತದೆ. ಇರಾಕಿನ ರಾಜ್ಯಪಾಲನಾಗಿದ್ದ, ಕ್ರಿ.ಶ. 714ರಲ್ಲಿ ತೀರಿಕೊಂಡ ಹಜ್ಜಾಜ್ ಬಿನ್ ಯೂಸುಫ್ ವಿದ್ವಾಂಸರನ್ನು ಕೂಡಿಸಿ ಈ ಎಣಿಕೆ ಮಾಡಿಸಿದನೆಂದು ಪರಂಪರೆಯ ಗ್ರಂಥಗಳು ಹೇಳುತ್ತವೆ. ನಕಲು ಮಾಡುವವನ ಕೈಯಲ್ಲಿ ಒಂದು ಅಕ್ಷರವೂ ತಪ್ಪಿಹೋಗಬಾರದೆಂಬುದು ಅದರ ಉದ್ದೇಶ. ಆ ಮೇಲೆ 9ನೇ ಶತಮಾನದಲ್ಲಿ ಬಗ್ದಾದಿನ ತತ್ತ್ವಜ್ಞಾನಿ ಅಲ್ ಕಿಂದಿ ಎಣಿಕೆಗೆ ಬೇರೊಂದು ಉಪಯೋಗ ಕಂಡುಹಿಡಿದರು. ಗುಪ್ತಲಿಪಿಯಲ್ಲಿ ಬರೆದ ಪತ್ರವನ್ನು ಬಿಡಿಸಬೇಕಾದರೆ, ಅದೇ ಭಾಷೆಯ ಬೇರೊಂದು ಸಾಧಾರಣ ಬರಹದಲ್ಲಿ ಯಾವ ಅಕ್ಷರ ಹೆಚ್ಚು ಸಲ ಬರುತ್ತದೆ ಎಂದು ಎಣಿಸಿ, ಗುಪ್ತಪತ್ರದಲ್ಲಿ ಹೆಚ್ಚು ಸಲ ಬಂದ ಗುರುತನ್ನು ಅದಕ್ಕೆ ಹೋಲಿಸಬೇಕು ಎಂದು ಅವರು ಬರೆದಿಟ್ಟರು. ಇಂದು ಸಂಖ್ಯಾಶಾಸ್ತ್ರದ ಚರಿತ್ರೆ ಬರೆಯುವವರು ಆ ಪುಟ್ಟ ಗ್ರಂಥವನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ಆದರೆ ಎಣಿಕೆಯ ಕಷ್ಟವೂ ಅಲ್ಲಿಂದಲೇ ಶುರುವಾಗುತ್ತದೆ. ಕುರ್‌ಆನಿನ ಪಠ್ಯ ಒಂದೇ. ಆದರೂ ಅದರಲ್ಲಿ ಒಟ್ಟು ಎಷ್ಟು ಪದಗಳಿವೆ ಎಂಬ ಪ್ರಶ್ನೆಗೆ ಪ್ರಾಚೀನ ವಿದ್ವಾಂಸರು ಒಂದೇ ಉತ್ತರ ಕೊಟ್ಟಿಲ್ಲ. ಕಾರಣ ಸರಳ. ಅರಬ್ಬಿಯಲ್ಲಿ ‘ಮತ್ತು’ ಎಂಬ ಅರ್ಥದ ‘ವ’ ಮುಂದಿನ ಪದಕ್ಕೆ ಅಂಟಿಕೊಂಡೇ ಬರುತ್ತದೆ. ಅದನ್ನು ಬೇರೆ ಪದವೆಂದು ಎಣಿಸಿದರೆ ಒಂದು ಮೊತ್ತ, ಎಣಿಸದಿದ್ದರೆ ಇನ್ನೊಂದು. ಪಠ್ಯ ಬದಲಾಗಿಲ್ಲ, ‘ಪದ’ ಎಂದರೆ ಏನೆಂಬ ತೀರ್ಮಾನ ಬದಲಾಗಿದೆ. ಈಜಿಪ್ಟಿನ ಮುಹಮ್ಮದ್ ಫುಆದ್ ಅಬ್ದುಲ್ ಬಾಕಿ ಅವರು 1945ರಲ್ಲಿ ಹೊರತಂದ ಪದಸೂಚಿಯಲ್ಲಿ ಕುರ್‌ಆನಿನ ಪದಗಳನ್ನು ಧಾತುಗಳ ಪ್ರಕಾರ ಜೋಡಿಸಿ, ಒಂದೊಂದು ರೂಪವೂ ಎಲ್ಲೆಲ್ಲಿ ಬಂದಿದೆ ಎಂದು ತೋರಿಸಿದ್ದಾರೆ. ಅದನ್ನು ಮುಂದಿಟ್ಟುಕೊಂಡು ನೋಡಿದರೆ, ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವ ‘ದಿನ ಎಂಬ ಪದ ಸರಿಯಾಗಿ 365 ಸಲ ಬಂದಿದೆ’ ಎಂಬ ಮಾತಿನ ಗುಟ್ಟೂ ತಿಳಿಯುತ್ತದೆ. ಬಹುವಚನ, ದ್ವಿವಚನ, ಸರ್ವನಾಮ ಅಂಟಿದ ರೂಪ, ‘ಆ ದಿನ’ ಎಂಬ ಸಮಸ್ತ ರೂಪ, ಇವೆಲ್ಲವನ್ನೂ ಬಿಟ್ಟು ಎಣಿಸಿದರೆ ಮಾತ್ರ ಆ ಸಂಖ್ಯೆ ಸಿಗುತ್ತದೆ. ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಎಣಿಸಲು ಕುಳಿತರೆ ಲೆಕ್ಕ ನಮ್ಮ ಮಾತು ಕೇಳುತ್ತದೆ. ಗ್ರಂಥದ ಹಿರಿಮೆಗೆ ಇಂಥ ಲೆಕ್ಕದ ಆಸರೆ ಬೇಕಾಗಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ದಖ್ಖನಿನ ಹಳೆಯ ಕಾಗದಪತ್ರಗಳಲ್ಲಿ ಪದಗಳನ್ನು ಎಣಿಸಿ ಅದರಿಂದ ಚರಿತ್ರೆಯನ್ನು ಹೇಳಿದವರಲ್ಲಿ ಎಲ್ಲರಿಗಿಂತ ಪ್ರಸಿದ್ಧರು ಮರಾಠಿಯ ಇತಿಹಾಸಕಾರ ವಿಶ್ವನಾಥ ಕಾಶೀನಾಥ ರಾಜವಾಡೆ (1863–1926). ಊರೂರು ಅಲೆದು, ಹಳೆಯ ಮನೆತನಗಳ ದಫ್ತರಗಳನ್ನು ಬಿಚ್ಚಿಸಿ, ಸಾವಿರಾರು ಪತ್ರಗಳನ್ನು ಸಂಗ್ರಹಿಸಿ 1898ರಿಂದ ಸಂಪುಟಗಳಾಗಿ ಅಚ್ಚು ಹಾಕಿಸಿದ ಮಹಾನುಭಾವರು ಅವರು. ಮರಾಠಿಯ ಮೇಲೆ ಫಾರ್ಸಿಯ ಪ್ರಭಾವ ಎಷ್ಟು ಎಂಬುದನ್ನು ತೋರಿಸಲು ಅವರು ಮೂರು ಕಾಲದ ಪತ್ರಗಳನ್ನು ಆರಿಸಿ ಪದಗಳನ್ನು ಎಣಿಸಿದರು. 1628ರ ಪತ್ರದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪದಗಳು ಫಾರ್ಸಿಯವು. 1677ರ ಪತ್ರದಲ್ಲಿ ಅವು ನೂರಕ್ಕೆ ನಲವತ್ತರೊಳಗೆ ಇಳಿದವು. 1728ರ ಪತ್ರದಲ್ಲಿ ನೂರಕ್ಕೆ ಹತ್ತೂ ಇಲ್ಲ.

ಈ ಮೂರು ವರ್ಷಗಳನ್ನು ಸ್ವಲ್ಪ ಗಮನಿಸಬೇಕು. 1628 ಎಂದರೆ ವಿಜಾಪುರದ ಎರಡನೇ ಇಬ್ರಾಹಿಂ ಆದಿಲಶಾಹ ತೀರಿಕೊಂಡ ಮರುವರ್ಷ. 1677ರ ಹೊತ್ತಿಗೆ ಶಿವಾಜಿಯ ಪಟ್ಟಾಭಿಷೇಕವಾಗಿ ಮೂರು ವರ್ಷ ಕಳೆದಿತ್ತು. ಆಡಳಿತದ ಫಾರ್ಸಿ ಪದಗಳಿಗೆ ಸಂಸ್ಕೃತ ಪದ ಕೊಡುವ ‘ರಾಜವ್ಯವಹಾರ ಕೋಶ’ವನ್ನು ಆತ ಮಾಡಿಸಿದ್ದೂ ಆ ಕಾಲದಲ್ಲೇ. ಸುಮಾರು 1400 ಪದಗಳ ಕೋಶ ಅದು. 1728ಕ್ಕೆ ಪೇಶ್ವೆಯರ ಕಾಲ. ಹೀಗಾಗಿ ರಾಜವಾಡೆಯವರ ಮೂರು ಸಂಖ್ಯೆಗಳು ಒಂದು ಕಥೆಯಂತೆ ಕಾಣುತ್ತವೆ: ಭಾಷೆಯೊಂದು ಪರರ ಕೈಯಿಂದ ಬಿಡುಗಡೆಯಾದ ಕಥೆ. ಮುಂದೆ ಅನೇಕರು ಅವನ್ನು ಹಾಗೆಯೇ ಓದಿದರು. ಕನ್ನಡದಲ್ಲೂ ಅಂಥದೇ ‘ಶುದ್ಧೀಕರಣ’ ಬೇಕೆನ್ನುವವರು ಇವತ್ತಿಗೂ ಇದ್ದಾರೆ.

ರಾಜವಾಡೆಯವರ ಶ್ರಮ ದೊಡ್ಡದು. ಅದನ್ನು ಲಘುವಾಗಿ ಕಾಣುವುದು ಸರಿಯಲ್ಲ. ಆದರೆ ಮೂರು ಪತ್ರಗಳ ಲೆಕ್ಕ ಒಂದು ಭಾಷೆಯ ಲೆಕ್ಕವಾಗುತ್ತದೆಯೇ? ಈ ಪ್ರಶ್ನೆಯನ್ನು ನಮ್ಮ ನಾಲ್ಕು ತಾಲೂಕುಗಳ ಕನ್ನಡದ ಮೇಲೆಯೇ ಪ್ರಯೋಗ ಮಾಡಿ ನೋಡೋಣ. ಕಚೇರಿಯ ಧಾಟಿಯಲ್ಲಿ ನಾವೇ ಒಂದು ವಾಕ್ಯ ಕಟ್ಟಿದ್ದೇವೆ. ಓದುಗರು ಬೆರಳು ಮಡಿಚಿ ಎಣಿಸಬಹುದು.

‘ಇಂಡಿ ತಾಲೂಕಿನ ಸದರಿ ಜಮೀನಿನ ಮಾಲೀಕರು ತಮ್ಮ ಹಕ್ಕಿನ ದಾಖಲೆಗಳನ್ನು ಹಾಜರು ಮಾಡಿ, ತಕರಾರು ಅರ್ಜಿಯ ಮೇಲೆ ಸಹಿ ಹಾಕಿ, ಬಾಕಿ ರಕಮು ಜಮಾ ಮಾಡಿದರು.’

ಒಟ್ಟು 19 ಪದಗಳು. ತಾಲೂಕು, ಸದರಿ, ಜಮೀನು, ಮಾಲೀಕ, ಹಕ್ಕು, ದಾಖಲೆ, ಹಾಜರು, ತಕರಾರು, ಅರ್ಜಿ, ಸಹಿ, ಬಾಕಿ, ರಕಮು, ಜಮಾ, ಈ 13 ಅರಬ್ಬಿ-ಫಾರ್ಸಿ ಮೂಲದವು. ಅಂದರೆ ನೂರಕ್ಕೆ 68. ರಾಜವಾಡೆಯವರ ಮೊದಲ ಪತ್ರದಿಂದ ನಾವು ಬಹಳ ದೂರವೇನೂ ಇಲ್ಲ! ಆದರೆ ಈ ವಾಕ್ಯವನ್ನು ಫಾರ್ಸಿ ಬಲ್ಲವನ ಮುಂದೆ ಓದಿದರೆ ಅವನಿಗೆ ಏನೂ ಅರ್ಥವಾಗದು. ಏಕೆಂದರೆ ತಾಲೂಕಿಗೆ ಹತ್ತಿದ ‘ಇನ’, ಮಾಲೀಕರಿಗೆ ಹತ್ತಿದ ‘ಅರು’, ದಾಖಲೆಗಳಿಗೆ ಹತ್ತಿದ ‘ಗಳು’ ಮತ್ತು ‘ಅನ್ನು’ ಕನ್ನಡದವು. ಮಾಡಿ, ಹಾಕಿ, ಮೇಲೆ ಎಂಬವೂ ಕನ್ನಡದವು. ಹೊರಗಿನಿಂದ ಬಂದ ಆ 13 ಪದಗಳಿಗೆ ಅಂಟಿದ ಕನ್ನಡ ಪ್ರತ್ಯಯಗಳನ್ನಷ್ಟೇ ಬೇರೆ ತೆಗೆದು ಎಣಿಸಿದರೆ ಏಳು ಸಿಗುತ್ತವೆ. ಉಳಿದ ಆರು ಪದಗಳ ಜೊತೆ ಅವನ್ನು ಕೂಡಿಸಿದರೆ 13. ಈಗ ಲೆಕ್ಕ ಸಮಸಮ! ‘ಮಾಡಿದರು’ ಎಂಬುದನ್ನೂ ಬಿಡಿಸಿದರೆ ಕನ್ನಡದ ಪಾಲೇ ಹೆಚ್ಚು. ವಾಕ್ಯ ಅದೇ, ಓದುವವನೂ ಅವನೇ. ಫಲಿತಾಂಶ ಮಾತ್ರ ಮೂರು ಬಗೆ. ಅರಬ್ಬಿಯ ‘ವ’ ಪ್ರಶ್ನೆಯೇ ಇಲ್ಲಿ ಕನ್ನಡದ ವೇಷದಲ್ಲಿ ಬಂದಿದೆ. ಪದಗಳನ್ನು ಎರವಲು ಪಡೆದ ಭಾಷೆ ತನ್ನ ವ್ಯಾಕರಣವನ್ನು ಬಿಟ್ಟುಕೊಟ್ಟಿಲ್ಲ. ಬಂದ ಪದಗಳಿಗೆಲ್ಲ ತನ್ನ ಪ್ರತ್ಯಯ ತೊಡಿಸಿಯೇ ಒಳಗೆ ಕರೆದುಕೊಂಡಿದೆ.

ಎರಡನೆಯ ತೊಡಕು, ಯಾವ ಪದವನ್ನು ಯಾವ ಖಾನೆಯಲ್ಲಿ ಬರೆಯಬೇಕೆಂಬುದು. ಪಹಣಿ, ಉತಾರ ಎಂಬ ಪದಗಳು ಕಚೇರಿಯ ಪದಗಳಾದ್ದರಿಂದ ಉರ್ದುವಿನವೇ ಇರಬೇಕೆಂದು ಬಹಳ ಜನ ತಿಳಿದಿದ್ದಾರೆ. ಅವು ಮರಾಠಿಯಿಂದ ಬಂದವು. ಈ ತಾಲೂಕುಗಳು 1956ರ ತನಕ ಮುಂಬಯಿ ಆಡಳಿತದಲ್ಲಿದ್ದುದರ ಗುರುತು ಅವುಗಳಲ್ಲಿದೆ. ಮಹಾಪ್ರಾಣ ‘ಖ’ ಇದ್ದ ಮಾತ್ರಕ್ಕೆ ‘ಖಾತೆ’ ಫಾರ್ಸಿಯಾಗುವುದಿಲ್ಲ. ಅತ್ತ ವಿಜಯನಗರದ ಅರಸರು 14ನೇ ಶತಮಾನದಿಂದ ಶಾಸನಗಳಲ್ಲಿ ಧರಿಸಿದ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದು ನೋಡಿ. ಕೇಳಲು ಅಚ್ಚ ಸಂಸ್ಕೃತ, ಒಳಗಿರುವುದು ‘ಸುಲ್ತಾನ’. ಎಣಿಸುವವನು ಅದನ್ನು ಯಾವ ಖಾನೆಯಲ್ಲಿ ಬರೆಯಬೇಕು? ಇಂದು ನಾವು ದಿನವೂ ಬಳಸುವ ‘ಜಿಲ್ಲಾಧಿಕಾರಿ’ ಎಂಬ ಒಂದೇ ಪದದಲ್ಲಿ ಮುಂದಿನ ಅರ್ಧ ಅರಬ್ಬಿ, ಹಿಂದಿನ ಅರ್ಧ ಸಂಸ್ಕೃತ. ಫಾರ್ಸಿ ಪದಗಳು ಹತ್ತರೊಳಗೆ ಇಳಿದವೆಂದು ಹೇಳಲಾಗುವ ಕಾಲದ ಅಧಿಪತಿಯ ಪದವಿಯ ಹೆಸರು ‘ಪೇಶ್ವೆ’ ಎಂಬುದು ಕೂಡ ಫಾರ್ಸಿಯೇ.

ಪದದ ಹುಟ್ಟೂರು ಗೊತ್ತಾದರೂ ಅದರ ಬಾಳು ಗೊತ್ತಾದಂತಲ್ಲ. ‘ತಕರಾರು’ ಎಂಬುದನ್ನೇ ತೆಗೆದುಕೊಳ್ಳಿ. ಅರಬ್ಬಿಯಲ್ಲಿ ‘ತಕ್ರಾರ್’ ಎಂದರೆ ಮತ್ತೆ ಮತ್ತೆ ಹೇಳುವುದು, ಪುನರಾವರ್ತನೆ. ಹೇಳಿದ್ದನ್ನೇ ಹೇಳುವುದು ವಾದವಾಗಿ, ವಾದ ಜಗಳವಾಗಿ, ಜಗಳ ಕಚೇರಿಗೆ ಹೋಗಿ, ಕನ್ನಡದಲ್ಲಿ ಅದು ಹೊಲದ ಬದುವಿನ ವ್ಯಾಜ್ಯದ ಪದವಾಯಿತು. ಸಿಂದಗಿಯ ರೈತ ‘ನಂದೇನೂ ತಕರಾರಿಲ್ಲ’ ಎನ್ನುವಾಗ ಅರಬರಿಗೆ ಅವನ ಅರ್ಥ ಸಿಗದು. ಆ ಅರ್ಥ ಈ ನೆಲದಲ್ಲೇ ಬೆಳೆದದ್ದು. ಪದ ಅರಬ್ಬಿಯದು, ಅರ್ಥ ನಮ್ಮ ಬದುವಿನದು. ಇದನ್ನು ‘ಪರಕೀಯ’ ಎಂಬ ಖಾನೆಗೆ ತಳ್ಳುವುದೂ, ‘ನಮ್ಮ ಪದ’ ಎಂದು ಒಂದು ಸಮುದಾಯ ಎದೆ ತಟ್ಟಿಕೊಳ್ಳುವುದೂ ಎರಡೂ ಹೊಂದುವ ಮಾತಲ್ಲ.

ಮೂರನೆಯ ತೊಡಕು ಎಲ್ಲಕ್ಕಿಂತ ಮುಖ್ಯ: ಎಣಿಸಲು ಯಾವ ಕಾಗದವನ್ನು ಎತ್ತಿಕೊಂಡಿರಿ? ನಮ್ಮ ವಿಜಾಪುರದ ಎರಡನೇ ಇಬ್ರಾಹಿಮನನ್ನೇ (ಆಳಿದ್ದು 1580–1627) ನೋಡಿ. ಆತನ ಫರ್ಮಾನುಗಳು ಫಾರ್ಸಿಯವು. ಆದರೆ ಆತನೇ ರಚಿಸಿದ ‘ಕಿತಾಬೆ ನವರಸ್’ ಎಂಬ ಹಾಡುಗಳ ಪುಸ್ತಕ ದಖ್ಖನಿಯಲ್ಲಿದ್ದು, ಸಂಸ್ಕೃತದಿಂದ ಬಂದ ಪದಗಳಿಂದ ತುಂಬಿದೆ. ಸರಸ್ವತಿ, ಗಣಪತಿಯರ ಸ್ತುತಿಯೂ ಅದರಲ್ಲಿದೆ. ಫರ್ಮಾನನ್ನು ಎಣಿಸಿದವನು ಒಬ್ಬ ಇಬ್ರಾಹಿಮನನ್ನು ಕಾಣುತ್ತಾನೆ, ಹಾಡನ್ನು ಎಣಿಸಿದವನು ಇನ್ನೊಬ್ಬನನ್ನು. ಅದಕ್ಕೂ ಮುಂಚೆ, 16ನೇ ಶತಮಾನದ ನಡುವೆ, ಮೊದಲನೇ ಇಬ್ರಾಹಿಮನು ಕಂದಾಯದ ಲೆಕ್ಕಪತ್ರಗಳನ್ನು ಫಾರ್ಸಿಯಿಂದ ಹಿಂದವಿಗೆ, ಅಂದರೆ ದೇಶಭಾಷೆಗೆ ಬದಲಾಯಿಸಿದನೆಂದು ವಿಜಾಪುರದಲ್ಲೇ ಕುಳಿತು ಇತಿಹಾಸ ಬರೆದ ಫಿರಿಶ್ತಾ ಹೇಳಿದ್ದಾನೆ. ಫಾರ್ಸಿಯನ್ನು ಲೆಕ್ಕದ ಪುಸ್ತಕದಿಂದ ಮೊದಲು ಕೆಳಗಿಳಿಸಿದವನು ಒಬ್ಬ ಸುಲ್ತಾನ ಎಂಬುದು ಶುದ್ಧೀಕರಣದ ಕಥೆ ಹೇಳುವವರಿಗೆ ನೆನಪಿಗೆ ಬರುವುದಿಲ್ಲ.

ಅರಸರ ಮಾತು ಬಿಡಿ, ವಕೀಲರ ಮಾತಿಗೆ ಬರೋಣ. ಧಾರವಾಡದಲ್ಲಿ ಹುಟ್ಟಿ 1904ರಲ್ಲಿ ವಕೀಲಿ ಮಾಡಲು ವಿಜಾಪುರಕ್ಕೆ ಬಂದ ಫ.ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ವಚನಗಳು ಅಚ್ಚಿನಲ್ಲಿ ನಾಡಿನ ಕೈಗೆ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು. ವಕೀಲರೆಂದ ಮೇಲೆ ಅವರ ಮೇಜಿನ ಒಂದು ಬದಿಗೆ ದಾವೆ, ಫಿರ್ಯಾದಿ, ವಕಾಲತ್ತು, ಜಪ್ತಿಗಳ ಕಾಗದಗಳು. ಇನ್ನೊಂದು ಬದಿಗೆ 12ನೇ ಶತಮಾನದ ತಿಳಿಗನ್ನಡ. ಎರಡೂ ಅವರಿಗೆ ಬೇಕಾಗಿತ್ತು. ಒಂದನ್ನು ಎಣಿಸಿ ಹಳಕಟ್ಟಿಯವರ ಕನ್ನಡ ಇಷ್ಟೇ ಎಂದರೆ ಯಾರೂ ಒಪ್ಪಲಾರರು.

ಅಂದು ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಮಾಡಿದ್ದೂ ಇಂಥದೇ ದೊಡ್ಡ ಕೆಲಸ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು, ಇವರ ಕೂಟ ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದಿತು. ಕಚೇರಿಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳ ಕನ್ನಡ ಅದು. ಈ ಭಾಗದ ಭಾಷೆ ಎಂಥದೆಂದು ತಿಳಿಯಬೇಕಾದವನು ಕಂದಾಯದ ಕಾಗದದ ಜೊತೆಗೆ ಆ ಹಾಡನ್ನೂ ಕೇಳಬೇಕು. ಇದೇ ತಾಲೂಕಿನ ಒಕ್ಕಲಿಗ ಹೊಲದಲ್ಲಿ ನಿಂತು ‘ಮಳಿ ಬಂತು, ಹೊಲ ಹದ ಆತು, ಎತ್ತು ಹೂಡಿ ಬಿತ್ತೂಣ ನಡಿ’ ಎಂದಾಗ ಒಂಬತ್ತು ಪದಗಳಲ್ಲಿ ಒಂದೂ ಅರಬ್ಬಿ-ಫಾರ್ಸಿಯಲ್ಲ. ಅವನೇ ಮಧ್ಯಾಹ್ನ ಕಚೇರಿಗೆ ಹೋದರೆ ನೂರಕ್ಕೆ 68. ಮನುಷ್ಯ ಬದಲಾಗಿಲ್ಲ, ನಿಂತ ಜಾಗ ಬದಲಾಗಿದೆ. ಅವನು ಹಿಂದುವೋ ಮುಸಲ್ಮಾನನೋ ಎಂಬುದರಿಂದ ಈ ಲೆಕ್ಕದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಅರ್ಜಿ ಇಬ್ಬರದೂ ಅರ್ಜಿಯೇ, ಬಿತ್ತುವುದು ಇಬ್ಬರದೂ ಬಿತ್ತುವುದೇ.

ಹಾಗಾದರೆ ಎಣಿಕೆ ನಿಷ್ಪ್ರಯೋಜಕವೇ? ಖಂಡಿತ ಅಲ್ಲ. ಸರಿಯಾದ ಪ್ರಶ್ನೆ ಕೇಳಿದರೆ ಅದು ಒಳ್ಳೆಯ ಸಾಕ್ಷಿ. ಹಸ್ತಪ್ರತಿಯಲ್ಲಿ ಬಸವಣ್ಣನ ಹೆಸರಿನಲ್ಲಿರುವ ವಚನದಲ್ಲಿ ಆ ಕಾಲಕ್ಕೆ ಹೊಂದದ ಪದವೊಂದು ಕಾಣಿಸಿದರೆ, ಅದು ನಂತರದವರ ಕೈವಾಡವೇ ಎಂದು ಪರೀಕ್ಷಿಸಲು ಅದು ದಾರಿ. ಸಿಂದಗಿ ತಾಲೂಕಿನಲ್ಲಿ 1938ರಲ್ಲಿ ಹುಟ್ಟಿ, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಹೊರಬಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ಇಂಥ ಪರೀಕ್ಷೆಗೆ ಬೇಕಾದ ಪಠ್ಯವನ್ನು ಒಂದೆಡೆ ಕೂಡಿಸಿತು. 2013ರ ಸುಮಾರಿಗೆ ‘ವಚನ ಸಂಚಯ’ ಎಂಬ ಯೋಜನೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಗಣಕಕ್ಕೆ ಅಳವಡಿಸಿ, ಯಾವ ಪದ ಯಾವ ವಚನದಲ್ಲಿ ಎಷ್ಟು ಸಲ ಬಂದಿದೆ ಎಂದು ಕ್ಷಣದಲ್ಲಿ ತೋರಿಸುವಂತೆ ಮಾಡಿತು. ಹಿಂದಿನವರಿಗೆ ಜೀವಮಾನ ಬೇಕಾಗಿದ್ದ ಕೆಲಸ ಅದು.

ಆದರೂ ಯಂತ್ರ ಎಣಿಸುತ್ತದೆ, ತೂಗುವುದಿಲ್ಲ. ‘ಹಕ್ಕಿಗೆ’ ಎಂಬ ಪದವನ್ನು ಅದಕ್ಕೆ ಕೊಟ್ಟು ನೋಡಿ. ಗೂಡಿನ ಹಕ್ಕಿಗೆ ಎಂದರೆ ಅಚ್ಚಗನ್ನಡ. ಜಮೀನಿನ ಹಕ್ಕಿಗೆ ಎಂದರೆ ಅರಬ್ಬಿಯ ‘ಹಕ್’. ಬರೀ ಅಕ್ಷರ ನೋಡಿ ಎಣಿಸುವವನಿಗೆ ಎರಡೂ ಒಂದೇ. ಹಿಂದಿನ ಮುಂದಿನ ಮಾತು ಓದಿದವನಿಗೆ ಮಾತ್ರ ಯಾವುದು ಹಾರುತ್ತದೆ, ಯಾವುದಕ್ಕಾಗಿ ಜನ ಕೋರ್ಟಿಗೆ ಅಲೆಯುತ್ತಾರೆ ಎಂಬುದು ತಿಳಿಯುತ್ತದೆ.

ನಾವು ಕಥೆ ಬರೆಯುವವರಿಗೆ ಈ ವಿಷಯ ಬರೀ ಪಾಂಡಿತ್ಯದ್ದಲ್ಲ. ನಮ್ಮ ಪಾತ್ರಗಳ ಬಾಯಲ್ಲಿ ಒಂದು ‘ಖುಷಿ’ ಬಂದರೆ ಅದನ್ನು ಉರ್ದು ಪ್ರಭಾವ ಎನ್ನುವ ವಿಮರ್ಶಕ, ಅದೇ ‘ಖುಷಿ’ ಬೇರೊಬ್ಬರ ಕಥೆಯಲ್ಲಿ ಬಂದರೆ ಗಮನಿಸುವುದೂ ಇಲ್ಲ. ಪದ ಒಂದೇ, ಬರೆದವರ ಹೆಸರು ನೋಡಿ ಖಾನೆ ಬದಲಾಗುತ್ತದೆ. ಲೆಕ್ಕದ ಹೆಸರಿನಲ್ಲಿ ನಡೆಯುವ ಅನ್ಯಾಯ ಇದು. ಪದಗಳನ್ನು ಎಣಿಸುತ್ತೇವೆಂದು ಹೊರಟವರು ಬಹಳ ಸಲ ಎಣಿಸುವುದು ಜನರನ್ನು.

ಕಚೇರಿಯ ಕನ್ನಡ ಬದಲಾಗಬಾರದೆಂದು ನಾವು ಹೇಳುತ್ತಿಲ್ಲ. ಓದಿದರೂ ಅರ್ಥವಾಗದ ಹಳೆಯ ಪದ ಹೋಗಲಿ, ತಿಳಿಯುವ ಪದ ಬರಲಿ. ಆದರೆ ‘ತಕರಾರು’ ತೆಗೆದು ‘ಆಕ್ಷೇಪಣೆ’ ಇಟ್ಟಾಗ, ‘ಬಾಕಿ’ ತೆಗೆದು ‘ಶೇಷಮೊತ್ತ’ ಇಟ್ಟಾಗ ಯಾರಿಗೆ ಅನುಕೂಲವಾಯಿತು ಎಂದು ಕೇಳಬೇಕು. ಮುದ್ದೇಬಿಹಾಳದ ಕಚೇರಿಯ ಕಿಟಕಿಯ ಮುಂದೆ ನಿಂತ ಮುದುಕಿಗೆ ಬಾಕಿ ಎಂದರೆ ಏನೆಂದು ಗೊತ್ತು. ಆಕೆಯ ಅಜ್ಜಿಗೂ ಗೊತ್ತಿತ್ತು. ಪದಪಟ್ಟಿಯಲ್ಲಿ ಫಾರ್ಸಿಯ ಪ್ರಮಾಣ ಇಳಿಯಿತೆಂದು ಸಂತೋಷಪಡುವವರು, ಆಕೆ ಆ ಕಾಗದವನ್ನು ಇನ್ನೊಬ್ಬರ ಕೈಲಿ ಓದಿಸಿಕೊಳ್ಳಬೇಕಾಗಿ ಬಂತೇ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಂದು ಪದ ಎಷ್ಟು ಸಲ ಬಂದಿದೆ ಎಂಬುದು ಒಳ್ಳೆಯ ಪ್ರಶ್ನೆ. ಅದು ಎಷ್ಟು ಜನರಿಗೆ ತಿಳಿಯುತ್ತದೆ ಎಂಬುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.